ಮಳೆ ಊರಿನ ಬಚ್ಚಲಿಗೆ ನೀರುಳಿಸುವ ನಳ್ಳಿ

ಮಂಗಳೂರು, ಉಡುಪಿಯವರಿಗೆ ನೀರುಳಿಸಿ ಎಂದು ಬುದ್ಧಿ ಹೇಳುವುದು ಕಷ್ಟದ ಕೆಲಸ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಜುಲೈಯಲ್ಲಿ ಬಾವಿ ತುಂಬಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲಿರುತ್ತದೆ, ಅಂಗಳ ಪಾಚಿಗಟ್ಟಿ ಜಾರುತ್ತದೆ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಆಗ ಯಾರಾದರೂ ಬಂದು "ನಳ್ಳಿ ಸ್ವಲ್ಪ ಸಣ್ಣ ಮಾಡಿ" ಎಂದರೆ, "ನಿಮಗೆಂಥ ಮಾರಾಯ್ರೆ, ಹೊರಗೆ ನೋಡಿ" ಎಂಬ ಉತ್ತರವೇ ಬರುವುದು.

ಆದರೆ ಆ ಮಳೆಯ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಘಟ್ಟದಿಂದ ಕಡಲಿಗೆ ದಾರಿ ಹತ್ತಿರ, ನೆಲ ಇಳಿಜಾರು, ಕೆಳಗೆ ತೂತು ತೂತಾದ ಮುರಕಲ್ಲು. ಬಂದ ನೀರು ನಿಲ್ಲದೆ ಹರಿದು ಹೋಗುತ್ತದೆ. ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ; ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಎರಡೂ ಸಣ್ಣ ಸಂಗ್ರಹಗಳು. 2019ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಉಡುಪಿಯಲ್ಲಿ ನದಿಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪಿಟ್ಟು ಎತ್ತಿ ಬಜೆಯ ಕಡೆಗೆ ಹರಿಸಿದರು. 2023ರಲ್ಲಿ ಮುಂಗಾರು ತಡವಾದಾಗ ಎರಡೂ ಊರುಗಳಲ್ಲಿ ಮತ್ತೆ ಟ್ಯಾಂಕರುಗಳ ಓಡಾಟ.

ಎಂಟು ತಿಂಗಳು ಧಾರಾಳವಾಗಿ ನಳ್ಳಿ ತಿರುಗಿಸಿ ರೂಢಿಯಾದ ಕೈ ಏಪ್ರಿಲ್ ಬಂತೆಂದು ತನ್ನ ಚಾಳಿ ಬಿಡುವುದಿಲ್ಲ. ಗೋಡೆಯ ಮೇಲೆ "ನೀರು ಅಮೂಲ್ಯ" ಎಂಬ ಚೀಟಿ ಅಂಟಿಸಿದರೆ ಅದೂ ಎರಡು ದಿನದಲ್ಲಿ ಹೆಂಚಿನಂತೆ ಕಣ್ಣಿಗೆ ಬೀಳದೆ ಹೋಗುತ್ತದೆ. ಹಾಗಾಗಿ ಇಲ್ಲಿ ನೀರುಳಿಸುವ ಹೊಣೆಯನ್ನು ಬಳಸುವವನ ತಲೆಯಿಂದ ಇಳಿಸಿ ನಳ್ಳಿ, ಕಮೋಡು, ಶವರುಗಳ ಮೇಲೆಯೇ ಹೊರಿಸಬೇಕು ಎಂಬುದು ನನ್ನ ವಾದ. ಯೋಚನೆಯಿಲ್ಲದೆ ಬಳಸಿದರೂ ಕಡಿಮೆ ನೀರು ಹೋಗುವಂತೆ ಅವುಗಳನ್ನು ಹೇಗೆ ಮಾಡುತ್ತಾರೆ, ಎಲ್ಲಿ ಆ ಲೆಕ್ಕ ತಪ್ಪುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಳೆಯ ಬಚ್ಚಲುಮನೆಯಲ್ಲಿ ಈ ಹೊಣೆ ಹೊತ್ತದ್ದು ಬಾವಿಯ ರಾಟೆ. ಕೊಡಪಾನಕ್ಕೆ ಹಗ್ಗ ಕಟ್ಟಿ ಸೇದಿ, ಹೊತ್ತು ತಂದು ಹಂಡೆಗೆ ಸುರಿದು, ಒಲೆಗೆ ತೆಂಗಿನ ಮಡಲು, ಸಿಪ್ಪೆ ತುರುಕಿ ಕಾಯಿಸಿದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಮಿಂದ ನೀರು ಗೋಡೆಯ ತೂತಿನಿಂದ ಹೊರಗೆ ಹರಿದು ತೆಂಗಿನ ಬುಡಕ್ಕೋ ಬಸಳೆ ಚಪ್ಪರಕ್ಕೋ ಹೋಗುತ್ತಿತ್ತು. ಅಂದಿನವರು ನಮಗಿಂತ ಜಾಗ್ರತೆಯವರು ಎಂದೇನೂ ಅಲ್ಲ, ತೋಳು ನೋಯುತ್ತಿತ್ತು ಅಷ್ಟೆ. ಪಂಪು ಬಂದ ದಿನ ಆ ನೋವು ಹೋಯಿತು. ಅದನ್ನು ಮರಳಿ ತರುವುದು ಯಾರಿಗೂ ಬೇಡ. ಆದರೆ ಕೈಗೂ ನೀರಿಗೂ ನಡುವೆ ಒಂದು ಸಣ್ಣ ತಡೆ ಇದ್ದರೆ ಎಷ್ಟು ಕೆಲಸವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಅಂಗಡಿಯವರೂ ಇದನ್ನು ಹೇಳುವುದಿಲ್ಲ. ಬಚ್ಚಲಿನಲ್ಲಿ ನೀರು ಎರಡು ಬಗೆಯಲ್ಲಿ ಖರ್ಚಾಗುತ್ತದೆ. ಒಂದು, ಅಳತೆಯ ಖರ್ಚು: ಬಾಲ್ದಿ ತುಂಬಿಸುವುದು, ಫ್ಲಶ್ ಮಾಡುವುದು. ಇನ್ನೊಂದು, ಹೊತ್ತಿನ ಖರ್ಚು: ಕೈ ತೊಳೆಯುವುದು, ಹಲ್ಲುಜ್ಜುವುದು, ಶವರಿನಡಿ ನಿಲ್ಲುವುದು. ಹೊತ್ತಿನ ಖರ್ಚಿಗೆ ನಳ್ಳಿಯ ಹರಿವು ತಗ್ಗಿಸಿದರೆ ನೀರು ಉಳಿಯುತ್ತದೆ. ಅಳತೆಯ ಖರ್ಚಿಗೆ ಹರಿವು ತಗ್ಗಿಸಿ ಪ್ರಯೋಜನವೇ ಇಲ್ಲ. 18 ಲೀಟರಿನ ಬಾಲ್ದಿ ಸಣ್ಣ ನಳ್ಳಿಯಿಂದ ತುಂಬಿದರೂ 18 ಲೀಟರೇ. ಕಾಯುವವನಿಗೆ ಸಿಟ್ಟು ಬರುತ್ತದೆ, ಬಿಟ್ಟು ಹೋದರೆ ತುಂಬಿ ಹರಿಯುತ್ತದೆ. ಆದ್ದರಿಂದ ಬೇಸಿನ್ನಿನ ನಳ್ಳಿಗೆ ಹಾಕುವ, ಹರಿವು ತಗ್ಗಿಸುವ ಜಾಲರಿಯನ್ನು ಬಾಲ್ದಿಯ ಮೇಲಿನ ನಳ್ಳಿಗೂ ತೊಡಿಸುವುದು ದಂಡ. ಅಲ್ಲಿ ಬದಲಾಯಿಸಬೇಕಾದ್ದು ಬಾಲ್ದಿಯನ್ನೇ. ಒಂದು ಬಾಲ್ದಿ ನೀರಿನಲ್ಲಿ ಮೀಯುವ ಮನೆಯಲ್ಲಿ ಬಾಲ್ದಿಯ ಗಾತ್ರವೇ ಸ್ನಾನದ ಗಾತ್ರ. 25 ಲೀಟರಿನದು ಇದ್ದಲ್ಲಿ 16 ಲೀಟರಿನದು ಇಟ್ಟರೆ ಹೆಚ್ಚಿನವರಿಗೆ ಏನೂ ಕೊರತೆ ಕಾಣದು, ಮೊದಲ ವಾರ ಎರಡು ಚೆಂಬು ಕಡಿಮೆಯಾಯಿತು ಅನ್ನಿಸಬಹುದು. ಇಷ್ಟು ಅಗ್ಗದ ಸಾಧನ ಪ್ಲಂಬಿಂಗ್ ಅಂಗಡಿಯಲ್ಲಿ ಬೇರೊಂದಿಲ್ಲ.

ಇನ್ನು ಕಮೋಡು. ಬಚ್ಚಲಿನಲ್ಲಿ ಒಂದೇ ಏಟಿಗೆ ಅತಿ ಹೆಚ್ಚು ನೀರು ಹೋಗುವುದು ಇದರಲ್ಲೇ. ನಾಲ್ಕು ಜನರ ಮನೆ, ತಲೆಗೆ ದಿನಕ್ಕೆ 5 ಫ್ಲಶ್ ಎಂದಿಟ್ಟುಕೊಳ್ಳಿ. ಹಳೆಯ 10 ಲೀಟರಿನ ಟ್ಯಾಂಕಾದರೆ 200 ಲೀಟರ್ ಹೋಯಿತು. ಅದೇ 6 ಮತ್ತು 3 ಲೀಟರಿಗೆ ಬೇರೆ ಬೇರೆ ಒತ್ತುವ ಎರಡು ಗುಂಡಿಯದಾದರೆ, ದೊಡ್ಡದು ಒಂದು ಸಲ, ಸಣ್ಣದು ನಾಲ್ಕು ಸಲ, ತಲೆಗೆ 18ರಂತೆ 72 ಲೀಟರ್. ತಿಂಗಳಿಗೆ 3,800 ಲೀಟರಿನಷ್ಟು ಉಳಿತಾಯ. ಮೇ ತಿಂಗಳಲ್ಲಿ ಟ್ಯಾಂಕರಿಗೆ ಫೋನು ಮಾಡಿದವರಿಗೆ ಅದರ ಬೆಲೆ ಗೊತ್ತು. ಪಿಟ್ಟು ಖಾಲಿ ಮಾಡಿಸುವ ಗಾಡಿಗೂ ಅಷ್ಟೇ ಕಡಿಮೆ ಕೆಲಸ.

ಲೆಕ್ಕ ಇಷ್ಟು ಸರಳವಾದರೂ ಕಮೋಡಿನ ನೀರು ತಗ್ಗಿಸುವುದು ತಲೆನೋವಿನ ಕೆಲಸ. ಟ್ಯಾಂಕಿನೊಳಗೆ ಇಟ್ಟಿಗೆ ಇಟ್ಟು ನೀರು ಉಳಿಸಿದೆ ಅನ್ನುವವರಿಗೆ ಇದು ತಿಳಿದಿರುವುದಿಲ್ಲ. ಕಮೋಡಿನ ಕೆಳಗೆ ಹಂಸದ ಕೊರಳಿನಂತೆ ಬಾಗಿದ ಟ್ರ್ಯಾಪ್ ಇದೆ. ಅದರಲ್ಲಿ ನಿಂತ ನೀರು ಪಿಟ್ಟಿನ ವಾಸನೆಯನ್ನು ತಡೆಯುತ್ತದೆ. ಆ ನೀರಿನ ಆಳ ಸಾಮಾನ್ಯವಾಗಿ 50 ಮಿಲಿಮೀಟರ್. ಫ್ಲಶ್ ಮಾಡಿದಾಗ ಬರುವ ನೀರು ಇದ್ದದ್ದನ್ನೆಲ್ಲ ಬಾಗು ದಾಟಿಸಿ ಆಚೆ ತಳ್ಳಬೇಕು, ಜತೆಗೆ ಬಟ್ಟಲಿನ ಗೋಡೆ ತೊಳೆಯಬೇಕು, ಕೊನೆಗೆ ಟ್ರ್ಯಾಪಿನಲ್ಲಿ ಹೊಸ ನೀರು ನಿಲ್ಲಿಸಬೇಕು. ತಳ್ಳುವ ಶಕ್ತಿ ನೀರಿನ ಪ್ರಮಾಣದಿಂದ ಬಂದಷ್ಟೇ ವೇಗದಿಂದಲೂ ಬರುತ್ತದೆ. ಕಡಿಮೆ ನೀರಿನ ಕಮೋಡಿನಲ್ಲಿ ಅದಕ್ಕಾಗಿ ವಾಲ್ವಿನ ಬಾಯಿ ದೊಡ್ಡದು, ಇಡೀ 6 ಲೀಟರು ಕೆಲವೇ ಸೆಕೆಂಡಿನಲ್ಲಿ ಧಡಕ್ಕನೆ ಇಳಿಯಬೇಕು, ಬಟ್ಟಲು ಕಡಿದಾಗಿರಬೇಕು, ಕಣ್ಣಿಗೆ ಕಾಣದ ಟ್ರ್ಯಾಪಿನ ಒಳಮೈಗೂ ನುಣುಪಾದ ಗ್ಲೇಜು ಬೇಕು. ಹಳೆಯ ಬಟ್ಟಲಿಗೆ ಹೊಸ ಸಣ್ಣ ಟ್ಯಾಂಕು ಜೋಡಿಸಿದರೆ ಇದೊಂದೂ ಇರುವುದಿಲ್ಲ. ಒಮ್ಮೆಗೆ ಹೋಗದೆ ಎರಡು ಸಲ ಒತ್ತುತ್ತಾರೆ. 6 ಲೀಟರು 12 ಆಯಿತು.

ಅಮೆರಿಕ ಇದನ್ನು ದೊಡ್ಡ ಪ್ರಮಾಣದಲ್ಲಿ ಅನುಭವಿಸಿತು. 1992ರ ಕಾಯ್ದೆಯೊಂದು, 1994ರಿಂದ ಮನೆಗಳಿಗೆ ಮಾರುವ ಹೊಸ ಕಮೋಡು ಸುಮಾರು 6 ಲೀಟರು ಮೀರಬಾರದು ಎಂದಿತು. ಕಂಪನಿಗಳು ಗಡಿಬಿಡಿಯಲ್ಲಿ ಹಳೆಯ ವಿನ್ಯಾಸಕ್ಕೇ ಕಡಿಮೆ ನೀರು ತುಂಬಿಸಿ ಮಾರಿದವು. ಕಟ್ಟಿಕೊಂಡದ್ದೇ ಕಟ್ಟಿಕೊಂಡದ್ದು. ಜನ ಬೈದರು, ಕೆನಡಾದಿಂದ ಹಳೆಯ ಮಾದರಿ ಕದ್ದು ತರಿಸಿಕೊಂಡವರೂ ಇದ್ದರು. ಹಾಳೆಯ ಮೇಲಿನ ಲೀಟರು ನಂಬಿ ಪ್ರಯೋಜನವಿಲ್ಲ, ಕಮೋಡು ಎಷ್ಟು ಕೊಂಡೊಯ್ಯುತ್ತದೆ ಎಂದು ಅಳೆಯಬೇಕು ಎಂಬುದು ಆಗ ಅರ್ಥವಾಯಿತು. 2003ರಿಂದ ಅಮೆರಿಕ, ಕೆನಡಾಗಳಲ್ಲಿ 'ಮ್ಯಾಪ್' ಎಂಬ ಪರೀಕ್ಷೆ ನಡೆಯುತ್ತಿದೆ. ಸೋಯಾಬೀನ್ ಅರೆದ ಮುದ್ದೆಯನ್ನು ಅಳತೆಯ ಉಂಡೆ ಕಟ್ಟಿ ಕಮೋಡಿಗೆ ಹಾಕಿ, ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಹೋಯಿತು ಎಂದು ನೋಡುತ್ತಾರೆ. ಕೇಳುವುದಕ್ಕೆ ತಮಾಷೆ, ಆದರೆ ಕಡಿಮೆ ನೀರಿನ ಕಮೋಡಿನ ಮಾನ ಉಳಿಸಿದ್ದು ಈ ಉಂಡೆಗಳೇ. ಒಳ್ಳೆಯ ಮಾದರಿಗಳು ಇಂದು 5 ಲೀಟರಿಗಿಂತ ಕಡಿಮೆ ನೀರಿನಲ್ಲಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ.

ಇದಕ್ಕಿಂತ ಎಷ್ಟೋ ಮೊದಲು ಭಾರತದಲ್ಲೇ ಒಂದು ಉತ್ತರ ಸಿಕ್ಕಿತ್ತು, ಅದಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ. ಬಿಹಾರದಲ್ಲಿ ಬಿಂದೇಶ್ವರ ಪಾಠಕ್ 1970ರಲ್ಲಿ ಆರಂಭಿಸಿದ ಸುಲಭ್ ಸಂಸ್ಥೆಯ ಎರಡು ಹೊಂಡದ ಕಕ್ಕಸು. ಅದರ ಕುಕ್ಕರಗಾಲಿನ ಪ್ಯಾನು ಕಡಿದಾದ ಇಳಿಜಾರಿನದು, ಟ್ರ್ಯಾಪಿನ ನೀರಿನ ಆಳ 20 ಮಿಲಿಮೀಟರ್ ಮಾತ್ರ. ದಾಟಬೇಕಾದ ಬಾಗೇ ಗಿಡ್ಡದಾದ್ದರಿಂದ ಚೆಂಬಿನಲ್ಲಿ ಸುರಿದ ಒಂದೂವರೆ ಲೀಟರಿಗೆ ಕೆಲಸ ಮುಗಿಯುತ್ತದೆ. ಹತ್ತು ಮಹಡಿಯ ಕಟ್ಟಡಕ್ಕೆ ಇದು ಹೊಂದುವುದಿಲ್ಲ. ಒಂದೇ ದೊಡ್ಡ ಪೈಪಿಗೆ ಎಲ್ಲ ಮಹಡಿಯವರೂ ಸೇರಿದಾಗ ಒಳಗಿನ ಗಾಳಿಯ ಎಳೆತಕ್ಕೆ ಅಷ್ಟು ತೆಳು ನೀರು ನಿಲ್ಲದು. ಹಿತ್ತಿಲಲ್ಲಿ ಜಾಗ ಇರುವ ಮನೆಗೆ ಮಾತ್ರ ಇದರ ಮುಂದೆ ಯಾವ ವಿದೇಶಿ ಕಮೋಡೂ ನಿಲ್ಲದು.

ಎರಡು ಗುಂಡಿಯ ಫ್ಲಶ್ ಬಂದದ್ದು ಒಣಭೂಮಿ ಆಸ್ಟ್ರೇಲಿಯಾದಿಂದ. 1980ರಲ್ಲಿ ಕರೋಮಾ ಕಂಪನಿಯ ಬ್ರೂಸ್ ಥಾಮ್ಸನ್ ಮಾಡಿದ ಮೊದಲ ಮಾದರಿ 11 ಮತ್ತು ಐದೂವರೆ ಲೀಟರಿನದು. ಮುಂದೆ ಅದು 6, 3ಕ್ಕೆ ಇಳಿಯಿತು. ಇಲ್ಲಿ ಬಳಸುವವನಿಗೆ ಒಂದು ಆಯ್ಕೆ ಕೊಟ್ಟಿದ್ದಾರೆ. ಆಯ್ಕೆ ಕೊಟ್ಟ ಮೇಲೆ ಅದು ತಿಳಿಯುವಂತಿರಬೇಕಲ್ಲ? ನಮ್ಮಲ್ಲಿ ಬರುವ ಎಷ್ಟೋ ಟ್ಯಾಂಕುಗಳ ಮೇಲೆ ಕ್ರೋಮಿನ ದುಂಡು ಬಿಲ್ಲೆ, ನಡುವೆ ಕೂದಲೆಳೆಯಂಥ ಗೆರೆ, ಎರಡು ಅರ್ಧಗಳೂ ಹೆಚ್ಚುಕಡಿಮೆ ಒಂದೇ ಅಳತೆ. ಅತಿಥಿಗಳು ಬಿಡಿ, ಮನೆಯವರೇ ಹೆಬ್ಬೆರಳಿನಿಂದ ಎರಡನ್ನೂ ಒಟ್ಟಿಗೆ ಅದುಮುತ್ತಾರೆ. ನೋಡಲು ಅಂದವಾಗಲಿ ಎಂದು ಮಾಡಿದ ಈ ಗುಂಡಿ ಇಡೀ ಯಂತ್ರದ ಉದ್ದೇಶವನ್ನೇ ಕೊಂದಿದೆ. ಸಣ್ಣ ಫ್ಲಶ್‌ನ ಗುಂಡಿ ಎದ್ದು ಕಾಣಬೇಕು, ಕೈ ಮೊದಲು ಅಲ್ಲಿಗೇ ಹೋಗಬೇಕು. ದೊಡ್ಡದಕ್ಕೆ ಸ್ವಲ್ಪ ಹೆಚ್ಚು ಬಲ ಬೇಕಾಗಬೇಕು. ಇದು ಖರ್ಚಿನ ಮಾತಲ್ಲ, ಗಮನದ ಮಾತು.

ಮೇಲಿನ ಉಳಿತಾಯವನ್ನೆಲ್ಲ ನುಂಗಿಹಾಕುವ ಒಂದು ರಬ್ಬರಿನ ಬಿಲ್ಲೆ ಫ್ಲಶ್ ಟ್ಯಾಂಕಿನೊಳಗಿದೆ. ಹಳೆಯ ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ತಲೆಯ ಮೇಲೆ ಬೀಡು ಕಬ್ಬಿಣದ ಟ್ಯಾಂಕು, ಎಳೆಯಲು ಸರಪಳಿ ಇದ್ದದ್ದು ಹಲವರಿಗೆ ನೆನಪಿರಬಹುದು. ಅದರೊಳಗೆ ವಾಲ್ವೇ ಇರಲಿಲ್ಲ. ನೀರಿನ ಮಟ್ಟಕ್ಕಿಂತ ಮೇಲೆ ಬಾಯಿ ತೆರೆದು ನಿಂತ ಒಂದು ಕೊಳವೆ, ಅದರ ಮೇಲೆ ಗಂಟೆಯಾಕಾರದ ಭಾರದ ಮುಚ್ಚಳ. ಸರಪಳಿ ಎಳೆದು ಬಿಟ್ಟರೆ ಗಂಟೆ ಎದ್ದು ಬೀಳುತ್ತದೆ, ಒಂದಿಷ್ಟು ನೀರು ಕೊಳವೆಯ ಬಾಯಿ ದಾಟುತ್ತದೆ, ಅದರ ಹಿಂದೆ ಉಳಿದದ್ದೆಲ್ಲ ಸೈಫನ್ ಆಗಿ ಎಳೆದುಕೊಂಡು ಹೋಗುತ್ತದೆ. ನೀರು ಮೇಲೇರದೆ ಹೊರಗೆ ಹೋಗುವ ದಾರಿಯೇ ಇಲ್ಲದ್ದರಿಂದ ಸವೆದರೂ ಅದು ಸೋರುತ್ತಿರಲಿಲ್ಲ, ಕೆಟ್ಟರೆ ಫ್ಲಶ್ ಆಗುತ್ತಿರಲಿಲ್ಲ ಅಷ್ಟೆ. ಇಂಗ್ಲೆಂಡಿನಲ್ಲಿ ಇಂಥ ಟ್ಯಾಂಕಿನ ಹೆಸರೇ 'ನೀರು ಪೋಲು ತಡೆಯುವ ಟ್ಯಾಂಕು' ಎಂದಿತ್ತು. ತುಂಬಿ ಹರಿದರೆ ಗೋಡೆಯ ಹೊರಗೆ ಚಾಚಿದ ಪೈಪಿನಿಂದ ಎಲ್ಲರಿಗೂ ಕಾಣುವಂತೆ ಸುರಿಯುತ್ತಿತ್ತು. ಅದರ ದೋಷ ಒಂದೇ, ಪ್ರತಿ ಸಲವೂ 10-12 ಲೀಟರ್ ಪೂರ್ತಿ ಹೋಗುತ್ತಿತ್ತು.

ಈಗಿನ ಎರಡು ಗುಂಡಿಯ ಟ್ಯಾಂಕಿನ ತಳದಲ್ಲಿ ತೂತು ಇದೆ, ಅದರ ಮೇಲೆ ರಬ್ಬರಿನ ಸೀಲು ಕೂತಿದೆ. ಸೀಲಿನ ಅಂಚಿಗೆ ಮರಳಿನ ಒಂದು ಕಣ ಸಿಕ್ಕಿದರೂ ನೀರು ಸದ್ದಿಲ್ಲದೆ ಬಟ್ಟಲಿನ ಗೋಡೆಗಂಟಿ ಇಳಿಯುತ್ತಿರುತ್ತದೆ. ತುಂಬಿ ಹರಿದರೂ ಹೋಗುವುದು ಒಳಗಿನ ಕೊಳವೆಯಿಂದ ಅದೇ ಬಟ್ಟಲಿಗೆ. ಯಾರಿಗೂ ಕಾಣದು. 2020ರಲ್ಲಿ ಬ್ರಿಟನ್ನಿನ ನೀರು ಸಂಸ್ಥೆಗಳು ಹೀಗೆ ಸೋರುವ ಕಮೋಡುಗಳಿಂದ ಆ ದೇಶದಲ್ಲಿ ದಿನಕ್ಕೆ ಸುಮಾರು 40 ಕೋಟಿ ಲೀಟರ್ ಪೋಲಾಗುತ್ತಿದೆ ಎಂದವು. ಅದರಲ್ಲಿ ಎರಡು ಗುಂಡಿಯವುಗಳ ಪಾಲೇ ಹೆಚ್ಚು. ನೀರುಳಿಸಲೆಂದು ತಂದದ್ದು ಉಳಿಸಿದ್ದಕ್ಕಿಂತ ಹೆಚ್ಚು ಚೆಲ್ಲುತ್ತಿರಬಹುದು ಎಂಬ ಮಾತು ಅಲ್ಲಿಂದಲೇ ಬಂತು.

ನಮ್ಮಲ್ಲಿ ಸ್ಥಿತಿ ಅದಕ್ಕಿಂತ ಮೇಲೇನಲ್ಲ. ಮೊದಲ ಮಳೆಗೆ ಹೊಳೆ ಕೆಂಪಾಗಿ ಹರಿಯುವಾಗ ಪೈಪಿನಲ್ಲೂ ಸಣ್ಣ ಹೂಳು ಬರುತ್ತದೆ. ಬೋರ್‌ವೆಲ್ ನೀರಿನಲ್ಲಿ ಹಲವೆಡೆ ಕಬ್ಬಿಣದ ಅಂಶ. ಟ್ಯಾಂಕಿನ ತಳದಲ್ಲಿ ಕಾಫಿ ಬಣ್ಣದ ಕೆಸರು ಕೂತು, ಸೀಲಿನ ಮೇಲೆ ಜಿಡ್ಡಿನಂತೆ ಹತ್ತುತ್ತದೆ. ಪರೀಕ್ಷೆ ಸುಲಭ. ರಾತ್ರಿ ಮಲಗುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಬಟ್ಟಲಿನ ನೀರಿಗೆ ಬಣ್ಣ ಬಂದಿದ್ದರೆ ಸೀಲು ಹೋಗಿದೆ. ಸೀಲು ಬಿಚ್ಚಿ ತೊಳೆದರೆ ಕೆಲವೊಮ್ಮೆ ಸರಿಹೋಗುತ್ತದೆ. ಇಲ್ಲದಿದ್ದರೆ ಪ್ಲಂಬರ್ ಬಂದು ನೋಡಿ, "ಇದರ ವಾಶರ್ ಬೇರೆ ಸಿಗುದಿಲ್ಲ ಸರ್, ಇಡೀ ಸೆಟ್ಟೇ ಹಾಕ್ಬೇಕು" ಎನ್ನುತ್ತಾನೆ. ಹತ್ತಿಪ್ಪತ್ತು ರೂಪಾಯಿಯ ರಬ್ಬರಿಗಾಗಿ ಇಡೀ ಯಂತ್ರ ಬದಲಾಯಿಸುವುದಕ್ಕೆ ಮನಸ್ಸಾಗದೆ ಜನ ಅದನ್ನು ಹಾಗೇ ಸೋರಲು ಬಿಡುತ್ತಾರೆ. ಕೆಟ್ಟ ವಿನ್ಯಾಸ ಎಂದರೆ ನನ್ನ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ.

ಶವರು, ನಳ್ಳಿಗಳ ವಿಷಯದಲ್ಲಿ ಎಲ್ಲವೂ ನಿಂತಿರುವುದು ಒತ್ತಡದ ಮೇಲೆ. ಟ್ಯಾಂಕಿನ ನೀರು ನಳ್ಳಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ನಳ್ಳಿಯಲ್ಲಿ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಹರಿವು ಒತ್ತಡದಷ್ಟೇ ಏರುವುದಿಲ್ಲ, ಅದರ ವರ್ಗಮೂಲದಷ್ಟು ಏರುತ್ತದೆ: ಒತ್ತಡ ನಾಲ್ಕು ಪಟ್ಟಾದರೆ ನೀರು ಎರಡು ಪಟ್ಟು. ಈಗ ಕಂಪನಿಗಳ ಕ್ಯಾಟಲಾಗ್ ನೋಡಿ. ಶವರಿನ ಮುಂದೆ ನಿಮಿಷಕ್ಕೆ 8 ಲೀಟರ್ ಎಂದು ಬರೆದಿದ್ದರೆ, ಹೆಚ್ಚಾಗಿ ಅದು 3 ಬಾರ್ ಒತ್ತಡದ ಲೆಕ್ಕ. ನಮ್ಮ ಒಂದು ಅಂತಸ್ತಿನ ಹೆಂಚಿನ ಅಥವಾ ತಾರಸಿ ಮನೆಯಲ್ಲಿ ಟ್ಯಾಂಕು ಶವರಿನಿಂದ 2 ಮೀಟರ್ ಮೇಲಿದ್ದರೆ ಹೆಚ್ಚು; 0.2 ಬಾರ್. ಅದೇ ಶವರು ಇಲ್ಲಿ ಕೊಡುವುದು ನಿಮಿಷಕ್ಕೆ 2 ಲೀಟರ್. ತಲೆಗೆ ಹಾಕಿದ ಶಾಂಪೂ ತೊಳೆಯುವಷ್ಟರಲ್ಲಿ ಆಫೀಸಿನ ಬಸ್ಸು ಹೋಗಿರುತ್ತದೆ. ಅಂಥವರು ಸೋತು ಪ್ರೆಶರ್ ಪಂಪು ಹಾಕಿಸುತ್ತಾರೆ, ಜತೆಗೆ ತಟ್ಟೆಯಗಲದ ಮಳೆ ಶವರು ತರುತ್ತಾರೆ. ಅದು ನಿಮಿಷಕ್ಕೆ 15-20 ಲೀಟರ್ ಕುಡಿಯುತ್ತದೆ. ಹೀಗೆ ಕೊಳ್ಳುವ ಮೊದಲು ನೀರುಳಿಸುವ ಶವರು ತಂದಿದ್ದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಒತ್ತಡ ಇಲ್ಲದ ಮನೆಯಲ್ಲಿ ಬಾಲ್ದಿ ಸ್ನಾನವೇ ಸೈ. ಅದಾಗಲೇ ಮಿತವ್ಯಯಿ.

ಮಂಗಳೂರಿನ ಕದ್ರಿ, ಬಿಜೈ, ಮಣ್ಣಗುಡ್ಡೆಗಳ ಎತ್ತರದ ಫ್ಲ್ಯಾಟುಗಳ ಕತೆ ತಿರುಗುಮುರುಗು. ಟ್ಯಾಂಕು ತಾರಸಿಯಲ್ಲಿ, ಮಹಡಿಗೊಂದು 3 ಮೀಟರ್. ಹದಿಮೂರು ಮಹಡಿ ಕೆಳಗಿರುವವನಿಗೆ 4 ಬಾರ್ ಹತ್ತಿರ. 1 ಬಾರ್‌ನಲ್ಲಿ 10 ಲೀಟರ್ ಕೊಡುವ ನಳ್ಳಿ ಅಲ್ಲಿ 20 ಕೊಡುತ್ತದೆ, ತುದಿಯ ಮಹಡಿಯಲ್ಲಿ 7 ಕೊಡುತ್ತದೆ. ಕೆಳಗಿನ ಮನೆಯವರು ಕೈ ತೊಳೆದರೆ ಅಂಗಿ ಒದ್ದೆ. ಬಿಲ್ಡರ್ ಎಲ್ಲ ಮನೆಗೂ ಒಂದೇ ನಳ್ಳಿ ಹಾಕಿರುತ್ತಾನೆ. ಇಲ್ಲಿ ಕೆಲಸಕ್ಕೆ ಬರುವುದು ನಾಲ್ಕಾಣೆ ಗಾತ್ರದ ಒಂದು ಪ್ಲಾಸ್ಟಿಕ್ ಬಿಲ್ಲೆ, ಫ್ಲೋ ರೆಗ್ಯುಲೇಟರ್. ಅದರಲ್ಲಿ ಹಲ್ಲು ಹಲ್ಲಾದ ದಾರಿ, ಅದರ ಮೇಲೆ ಒಂದು ರಬ್ಬರ್ ಉಂಗುರ. ಒತ್ತಡ ಏರಿದಂತೆ ಉಂಗುರ ಚಪ್ಪಟೆಯಾಗಿ ಹಲ್ಲುಗಳ ಸಂದಿಗೆ ಒತ್ತಿಕೊಂಡು ದಾರಿ ಕಿರಿದು ಮಾಡುತ್ತದೆ, ಇಳಿದರೆ ಸಡಿಲಾಗುತ್ತದೆ. 1 ಬಾರ್ ಇರಲಿ 5 ಬಾರ್ ಇರಲಿ ಹರಿವು ಸರಿಸುಮಾರು ಒಂದೇ. ವಿದ್ಯುತ್ ಬೇಡ, ಸೆನ್ಸರ್ ಬೇಡ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ವಸ್ತು ಇದೇ.

ಅದರ ಕೆಳಗೆ ಏರೇಟರ್ ಜಾಲರಿ ಇರುತ್ತದೆ. ನೀರಿನ ಜತೆ ಗಾಳಿ ಎಳೆದು ಬೆರೆಸಿ ಧಾರೆಯನ್ನು ಬಿಳಿಯಾಗಿ, ದಪ್ಪವಾಗಿ ತೋರಿಸುತ್ತದೆ. ನಿಮಿಷಕ್ಕೆ 10-12 ಲೀಟರ್ ಹೋಗುತ್ತಿದ್ದ ಬೇಸಿನ್ ನಳ್ಳಿಯಲ್ಲಿ 3-4 ಲೀಟರಿನಲ್ಲಿ ಸೋಪು ಹೋಗುತ್ತದೆ, ಕೈಗೆ ಮೋಸವಾದಂತೆ ಅನ್ನಿಸುವುದಿಲ್ಲ. ಜಾಲರಿ ಕಟ್ಟಿಕೊಳ್ಳುವುದು ಇದರ ತೊಂದರೆ. ಕಬ್ಬಿಣದ ಕೆಂಪು ಹಿಡಿದಿದ್ದರೆ ಬಿಚ್ಚಿ, ಜಜ್ಜಿದ ಬಿಂಬುಳಿಯ ರಸದಲ್ಲಿ ಸ್ವಲ್ಪ ಹೊತ್ತು ಹಾಕಿ ಬ್ರಶ್ಶಿನಿಂದ ಉಜ್ಜಿ. ಅದರ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಮರದಡಿ ಬಿದ್ದು ಕೊಳೆಯುವ ಕಾಯಿಗೂ ಒಂದು ಕೆಲಸ ಸಿಕ್ಕಿದಂತಾಯಿತು.

ಯಂತ್ರದ ಕಡೆಯಿಂದ ಮನಸ್ಸಿನ ಕಡೆಗೆ ಬಂದರೆ, ಇಲ್ಲಿ ಜಪಾನಿನವರ ಒಂದು ಜಾಣ್ಮೆ ಹೇಳಲೇಬೇಕು. ಅಲ್ಲಿನ ಸಾರ್ವಜನಿಕ ಶೌಚಾಲಯಗಳಲ್ಲಿ ಹೆಂಗಸರು ಒಳಗಿನ ಸದ್ದು ಹೊರಗೆ ಕೇಳಬಾರದೆಂದು ಸುಮ್ಮನೆ ಮತ್ತೆ ಮತ್ತೆ ಫ್ಲಶ್ ಮಾಡುತ್ತಿದ್ದರು. ಮಾಡಬೇಡಿ ಎಂದು ಬೋರ್ಡು ಹಾಕುವ ಬದಲು ಟೋಟೋ ಕಂಪನಿ 1988ರಲ್ಲಿ 'ಓತೋಹಿಮೆ' ಎಂಬ ಸಣ್ಣ ಪೆಟ್ಟಿಗೆ ತಂದಿತು. ಗುಂಡಿ ಒತ್ತಿದರೆ ನೀರು ಹರಿಯುವ ಸದ್ದು ಮಾತ್ರ ಬರುತ್ತದೆ. ನೀರು ಯಾತಕ್ಕೆ ಪೋಲಾಗುತ್ತಿದೆ ಎಂದು ಕೇಳಿ ತಿಳಿದದ್ದಕ್ಕೆ ಹೊಳೆದ ಉಪಾಯ ಅದು.

ನಮ್ಮಲ್ಲಿ ಶವರು ನಿಲ್ಲಿಸದೆ ಸೋಪು ಹಚ್ಚುವುದೇಕೆ? ಬಿಸಿ, ತಣ್ಣೀರಿಗೆ ಬೇರೆ ಬೇರೆ ಎರಡು ತಿರುಗಣೆ ಇದ್ದರೆ, ಹದ ಮಾಡುವುದಕ್ಕೇ ಅರ್ಧ ನಿಮಿಷ ಬೇಕು. ಒಮ್ಮೆ ಹದ ಸಿಕ್ಕಿದರೆ ಯಾರೂ ಅದನ್ನು ಕೆಡಿಸಲು ಒಪ್ಪುವುದಿಲ್ಲ. ಒಂದೇ ಹಿಡಿಯ ಮಿಕ್ಸರಿನಲ್ಲಿ ಹದ ಇದ್ದಲ್ಲೇ ಇಟ್ಟು ನೀರು ಮಾತ್ರ ನಿಲ್ಲಿಸಬಹುದು. ಇನ್ನೂ ಒಳ್ಳೆಯವುಗಳಲ್ಲಿ ಹಿಡಿಯನ್ನು ಎತ್ತುವಾಗ ಅರ್ಧದಲ್ಲಿ ಒಂದು ತಡೆ ಸಿಗುತ್ತದೆ. ಅದನ್ನು ಮೀರಿ ಬಲ ಹಾಕಿದರೆ ಮಾತ್ರ ಪೂರ್ಣ ನೀರು. ಹೆಚ್ಚಿನವರು ತಡೆಯಲ್ಲೇ ನಿಲ್ಲುತ್ತಾರೆ. ಕೊಡಪಾನದ ಕಾಲದ ತೋಳುನೋವಿನ ಜಾಗಕ್ಕೆ ಬೆರಳಿಗೆ ಇಷ್ಟು ಸಣ್ಣ ತಡೆ ಸಾಕಾಗುತ್ತದೆ. ಹಿಡಿ ನಡುವೆ ಇದ್ದಾಗ ತಣ್ಣೀರು ಮಾತ್ರ ಬರುವ ಮಾದರಿಗಳೂ ಇವೆ, ಕೈತೊಳೆಯಲು ಹೋದವನು ಗೊತ್ತಿಲ್ಲದೆ ಗೀಸರ್ ನೀರು ಎಳೆಯದಿರಲೆಂದು.

ಲೆಕ್ಕ ಕಣ್ಣೆದುರೇ ಕಂಡರೂ ಜನ ಬದಲಾಗುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು 700 ಮನೆಗಳ ಶವರುಗಳಿಗೆ, ಹರಿಯುವ ನೀರಿನಿಂದಲೇ ನಡೆಯುವ ಒಂದು ಸಣ್ಣ ಮೀಟರ್ ಜೋಡಿಸಿದರು. ಎಷ್ಟು ಲೀಟರ್ ಆಯಿತು ಎಂಬುದರ ಜತೆ ಮಂಜುಗಡ್ಡೆಯ ಮೇಲೆ ನಿಂತ ಹಿಮಕರಡಿಯ ಚಿತ್ರ. ನೀರು ಹೆಚ್ಚಾದಂತೆ ಮಂಜು ಕರಗುತ್ತದೆ. ಸ್ನಾನಕ್ಕೆ ಖರ್ಚಾಗುವ ಶಕ್ತಿ 22 ಶೇಕಡಾ ಇಳಿಯಿತು. ಬಿಲ್ಲು ಕಟ್ಟಬೇಕಿಲ್ಲದ ಹೋಟೆಲ್ ಅತಿಥಿಗಳ ಮೇಲೆ ನಡೆಸಿದ ಇನ್ನೊಂದು ಪ್ರಯೋಗದಲ್ಲೂ ಶೇಕಡಾ 11ರಷ್ಟು ಇಳಿಕೆ ಕಂಡಿತು. ತಿಂಗಳ ಕೊನೆಗೆ ಬರುವ ನೀರಿನ ಬಿಲ್ಲು ಮಾಡಲಾಗದ್ದನ್ನು ಕಣ್ಣೆದುರಿನ ಅಂಕೆ ಮಾಡಿತು. ಮಣಿಪಾಲದಂಥ ಹಾಸ್ಟೆಲ್ ಊರಿಗೆ ಇದು ಹೇಳಿ ಮಾಡಿಸಿದಂತಿದೆ ಅನ್ನಿಸುತ್ತದೆ.

ಉಡುಪಿಯ ಪರ್ಯಾಯೋತ್ಸವಕ್ಕೋ ಜಾತ್ರೆಗೋ ಸಾವಿರಾರು ಜನ ಸೇರುವಲ್ಲಿ ಒತ್ತುವ ನಳ್ಳಿ ಒಳ್ಳೆಯದು. ಒಮ್ಮೆ ಒತ್ತಿದರೆ ಐದಾರು ಸೆಕೆಂಡು ಹರಿದು ತಾನೇ ನಿಲ್ಲುತ್ತದೆ. ಸೆನ್ಸರ್ ನಳ್ಳಿಗಿಂತ ಇದೇ ವಾಸಿ: ಬ್ಯಾಟರಿ ಬೇಡ, ಉಪ್ಪು ಗಾಳಿಗೆ ಕೆಡುವ ಸರ್ಕಿಟ್ಟಿಲ್ಲ. ಹೂಳು ಸಿಕ್ಕಿದರೆ ಪಿಸ್ಟನ್ ತೆರೆದೇ ಉಳಿಯುತ್ತದೆ ಎಂಬುದೊಂದು ದೋಷ, ಅದಕ್ಕೆ ಹಿಂದೆ ಒಂದು ಸೋಸುವ ಜಾಲರಿ ಬೇಕು.

ನಳ್ಳಿಯ ದೋಷ ಎಂದು ತಿಳಿದದ್ದು ಎಷ್ಟೋ ಸಲ ಪೈಪಿನ ದೋಷ. ತಾರಸಿಯ ಸೋಲಾರ್ ಹೀಟರಿನಿಂದ ಕೆಳಗಿನ ಬಚ್ಚಲಿಗೆ 20 ಮೀಟರ್ ಪೈಪು, ಒಳವ್ಯಾಸ 20 ಮಿಲಿಮೀಟರ್. ಅದರೊಳಗೆ ನಿಂತ ನೀರೇ 6 ಲೀಟರಿಗೂ ಹೆಚ್ಚು. ಬಿಸಿ ಬರುವವರೆಗೆ ಅದಷ್ಟೂ ಮೋರಿಗೆ, ನಾಲ್ಕು ಜನ ಬೇರೆ ಬೇರೆ ಹೊತ್ತಿಗೆ ಮಿಂದರೆ ನಾಲ್ಕು ಸಲ. ಪೈಪಿಗೆ ಹೊದಿಕೆ ಸುತ್ತಿಸುವುದು, ದೂರ ತಗ್ಗಿಸುವುದು ಮನೆ ಕಟ್ಟುವಾಗಲೇ ಆಗಬೇಕಾದ ಕೆಲಸ. ಕಟ್ಟಿ ಆಗಿದ್ದರೆ ಆ ತಣ್ಣೀರಿಗೊಂದು ಬಾಲ್ದಿ ಹಿಡಿಯಿರಿ. ಕಮೋಡಿನ ಪಕ್ಕದ ಕೈ ಶವರು, ಅಂದರೆ ಹೆಲ್ತ್ ಫಾಸೆಟ್ಟಿನ ಕತೆಯೂ ಇದೇ ಥರ: ಅದರ ಹಿಂದೆ ಗೋಡೆಯಲ್ಲಿರುವ ಆಂಗಲ್ ವಾಲ್ವ್ ಸದಾ ತೆರೆದಿಟ್ಟು, ಹಗಲೂ ರಾತ್ರಿ ಒತ್ತಡವನ್ನೆಲ್ಲ ಟ್ರಿಗರಿನ ಸಣ್ಣ ವಾಶರಿನ ಮೇಲೆ ಹೊರಿಸಿದರೆ ಅದು ವರ್ಷ ತಡೆಯುವುದಿಲ್ಲ. ಸೆಕೆಂಡಿಗೊಂದು ಹನಿ ಎಂದರೂ ದಿನಕ್ಕೆ 20 ಲೀಟರ್, ಅಂದರೆ ಒಬ್ಬರ ಸ್ನಾನ.

ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಕಮೋಡು, ನಳ್ಳಿ, ಶವರುಗಳ ನೀರುಳಿತಾಯಕ್ಕೆ ನಕ್ಷತ್ರದ ಗುರುತು ಕೊಡುವ ಮಾನದಂಡ ತಂದಿದೆ. ಸಂಖ್ಯೆ ಐಎಸ್ 17650. ಫ್ರಿಜ್ಜಿಗೆ ನಕ್ಷತ್ರ ಕೇಳುವವರು ಕಮೋಡಿಗೂ ಕೇಳಬಹುದು. ಆದರೆ ನಕ್ಷತ್ರ ಎಣಿಸಿ ಮುಗಿದ ಮೇಲೆ ಅಂಗಡಿಯವನಲ್ಲಿ ಇನ್ನೆರಡು ಮಾತು ಕೇಳಿ. ಈ ಶವರಿನ ಅಂಕೆ ಎಷ್ಟು ಬಾರ್ ಒತ್ತಡದ್ದು? ಈ ಟ್ಯಾಂಕಿನ ಸೀಲು ಬಿಡಿಯಾಗಿ ಸಿಗುತ್ತದೆಯೇ? ಸಿಗುತ್ತದೆ ಎಂದರೆ ಅಲ್ಲೇ ಎರಡು ಸೀಲು ಹೆಚ್ಚಿಗೆ ಕೊಂಡು, ಕಮೋಡಿನ ಬಿಲ್ಲಿನ ಜತೆ ತೆಗೆದಿಡಿ. "ನಾಳೆ ಬನ್ನಿ, ನೋಡುವ" ಎಂದರೆ ಬೇರೆ ಕಂಪನಿಯದು ತೋರಿಸಲು ಹೇಳಿ.